ಅಧ್ಯಕ್ಷರ ಪರವಾಗಿ ಮಂಡಿಯೂರುತ್ತಿದ್ದ ಗೇಲೆನ್

ಗೇಲೆನ್ ಡ್ರೈಲಿಂಗ್‌ಗೆ ಏನು ಕೆಲಸ ಎಂದು ಹೊಸಬರು ಯಾರಾದರೂ ಕೇಳಿದರೆ ಅವನ ತಾಯಿ ಆಲ್ವಿನಾ, “ಅಧ್ಯಕ್ಷರ ಪರವಾಗಿ ಮಾತಾಡ್ತಾನೆ” ಎನ್ನುತ್ತಿದ್ದರು. ಕೇಳಿದವರ ಹುಬ್ಬು ಮೇಲೇರುವಷ್ಟರಲ್ಲಿ ಗೇಲೆನ್ ಒಳಗಿನಿಂದಲೇ, “ಒಂದೇ ವಾಕ್ಯ. ಅದೂ ಸ್ಮಶಾನದಲ್ಲಿ” ಎಂದು ಸೇರಿಸುತ್ತಿದ್ದ.

ಆ ವಾಕ್ಯ ಈಗ ನನಗೂ ಬಾಯಿಪಾಠವಾಗಿದೆ. “ಅಮೆರಿಕದ ಅಧ್ಯಕ್ಷರ, ಅಮೆರಿಕದ ಸೇನೆಯ ಹಾಗೂ ಕೃತಜ್ಞ ರಾಷ್ಟ್ರದ ಪರವಾಗಿ, ನಿಮ್ಮ ಪ್ರೀತಿಪಾತ್ರರು ಗೌರವದಿಂದ, ನಿಷ್ಠೆಯಿಂದ ಸಲ್ಲಿಸಿದ ಸೇವೆಗೆ ನಮ್ಮ ಮೆಚ್ಚುಗೆಯ ಗುರುತಾಗಿ ಈ ಬಾವುಟವನ್ನು ದಯವಿಟ್ಟು ಸ್ವೀಕರಿಸಿ.” ಬೇಕೆಂದು ಕಲಿತದ್ದಲ್ಲ. ಪಕ್ಕದ ಮನೆಯ ಗ್ಯಾರೇಜಿನಲ್ಲಿ ಅವನು ಬೂಟಿಗೆ ಪಾಲಿಶ್ ಹಾಕುತ್ತಾ ಹೇಳಿಕೊಳ್ಳುವುದು ನಮ್ಮ ಮಗುವಿನ ಕೋಣೆಯ ಕಿಟಕಿಗೆ ಕೇಳಿಸುತ್ತಿತ್ತು. ಗಂಡ ಸೈನ್ಯದಲ್ಲಿರುವ ಹೆಂಗಸಿಗೆ ಅದು ಕಿವಿಗೆ ಬಿದ್ದರೆ ಏನಾಗಬೇಕೋ ಅದೇ ನನಗೂ ಆಗುತ್ತಿತ್ತು. ಎದ್ದು ಕಿಟಕಿ ಹಾಕುತ್ತಿದ್ದೆ. ಸೆಖೆಗೆ ಐವಿ ಅಳಲು ಶುರು ಮಾಡಿದರೆ ಮತ್ತೆ ತೆಗೆಯುತ್ತಿದ್ದೆ. ಮಗುವಿಗೆ ಗಾಳಿ ಬೇಕು, ನನಗೆ ಆ ಮಾತು ಬೇಡ. ಎರಡೂ ಒಂದೇ ಕಿಟಕಿಯಿಂದ ಬರುತ್ತಿದ್ದವು.

ಲೀಬೆನ್‌ಫೆಲ್ಡ್ ನನ್ನ ಗಂಡ ಕೋಲ್‌ನ ಊರು. ಕ್ಯಾನ್ಸಸ್‌ನ ಪಶ್ಚಿಮದಲ್ಲಿ ಗೋಧಿ ಹೊಲಗಳು, ಸುಣ್ಣದ ಕಲ್ಲಿನ ಬೇಲಿಕಂಬಗಳು, ಎಂದೂ ನಿಲ್ಲದ ಗಾಳಿ. ನಾನು ಪಟ್ಟಣದಲ್ಲಿ ಓದಿದವಳು. ಅಧ್ಯಕ್ಷರ ಅಧಿಕಾರಗಳನ್ನು ಶಾಲೆಯಲ್ಲಿ ಉರುಹೊಡೆದು ಪರೀಕ್ಷೆಯಲ್ಲಿ ಬರೆದವಳು: ಅವರು ಸೇನೆಯ ಮಹಾದಂಡನಾಯಕರು, ಕ್ಷಮಾದಾನ ಕೊಡಬಲ್ಲವರು, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳತಕ್ಕವರು. ಅಂಕ ಚೆನ್ನಾಗಿ ಬಂದಿತ್ತು. ಐವಿ ಹುಟ್ಟಿದ ವರ್ಷ ಆ ಮೊದಲನೆಯ ಅಧಿಕಾರ ನಮ್ಮ ಮನೆ ಬಾಗಿಲಿಗೆ ಬಂತು. ಎಲ್ಲೋ ಒಂದು ರುಜು ಬಿತ್ತು, ಕೋಲ್‌ನ ಮೀಸಲು ಪಡೆ ಸಮುದ್ರ ದಾಟಿತು. ಕೋಲ್ ಅಧ್ಯಕ್ಷರನ್ನು ನೋಡಿದ್ದು ಟೀವಿಯಲ್ಲಿ ಮಾತ್ರ. ಅಧ್ಯಕ್ಷರು ಕೋಲ್‌ನನ್ನು ಟೀವಿಯಲ್ಲೂ ನೋಡಿದವರಲ್ಲ.

ನಾನು ಶಾಲೆಯ ಗ್ರಂಥಾಲಯಕ್ಕೆ ಕೆಲಸಕ್ಕೆ ಹೋಗುವಾಗ ಐವಿಯನ್ನು ನೋಡಿಕೊಳ್ಳುತ್ತಿದ್ದವರು ಆಲ್ವಿನಾ ಅಜ್ಜಿ. ಹಾಗಾಗಿ ಆ ಮನೆಯಲ್ಲಿ ನನಗೆ ದಿನಕ್ಕೆರಡು ಬಾರಿ ಕಾಫಿ, ಬೇಡವೆಂದರೂ ಒಂದು ಬೀರಾಕ್. ಬೀರಾಕ್ ಎಂದರೆ ದನದ ಮಾಂಸ, ಎಲೆಕೋಸು ತುಂಬಿ ಸುಟ್ಟ ಬನ್ನು. ಅಜ್ಜಿಯ ಅಜ್ಜಿ ರಷ್ಯಾದ ವೋಲ್ಗಾ ನದಿಯ ದಂಡೆಯಿಂದ ತಂದ ಅಡುಗೆಯಂತೆ. “ತಿನ್ನೇ, ಹಾಲು ಕುಡಿಸೋಳು ನೀನು. ಗಾಳಿ ಬಂದ್ರೆ ಹಾರ್ಹೋಗ್ತೀಯ” ಎನ್ನುತ್ತಿದ್ದರು.

ಗೇಲೆನ್‌ಗೆ ಆಗ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಹಳೆಯ ಸೈನಿಕರು ಸತ್ತಾಗ ಗೌರವ ಸಲ್ಲಿಸುವ ರಾಜ್ಯದ ತಂಡದಲ್ಲಿ ಸಾರ್ಜೆಂಟ್. ಸುತ್ತಿನ ಹಳ್ಳಿಗಳಲ್ಲಿ ಯಾವ ಮಾಜಿ ಸೈನಿಕ ತೀರಿಕೊಂಡರೂ ಇಬ್ಬರು ಸಮವಸ್ತ್ರದಲ್ಲಿ ಹೋಗಬೇಕು: ಇವನು, ಜೊತೆಗೆ ಮರಿಸೆಲಾ ಎಂಬ ಎಳೆಯ ಕಾರ್ಪೊರಲ್. ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ಇಬ್ಬರೂ ಎತ್ತಿ, ಉದ್ದಕ್ಕೆ ಮಡಿಸಿ, ಕೊನೆಯಿಂದ ತ್ರಿಕೋನ ತ್ರಿಕೋನವಾಗಿ ಸುತ್ತಿಕೊಂಡು ಬರಬೇಕು. ಮುಗಿದಾಗ ನೀಲಿ ಮತ್ತು ನಕ್ಷತ್ರ ಮಾತ್ರ ಕಾಣಬೇಕು. ಕೆಂಪಿನ ಎಳೆಯೊಂದು ಇಣುಕಿದರೂ ತಪ್ಪು. ನಮ್ಮ ಗಾಳಿಯಲ್ಲಿ ಒಗೆದ ಬಟ್ಟೆ ಮಡಿಸುವುದೇ ಕಷ್ಟ. ಗೇಲೆನ್ ಗಾಳಿಗೆ ಬೆನ್ನು ಕೊಟ್ಟು, ಮೈಯನ್ನೇ ಗೋಡೆ ಮಾಡಿಕೊಂಡು ಮಡಿಸುತ್ತಿದ್ದ.

ಕಹಳೆಯದು ಬೇರೆಯೇ ಕತೆ. ಊದಲು ಬಲ್ಲವರು ಈಗ ಸಿಗುವುದಿಲ್ಲ. ಕಹಳೆಯ ಬಾಯೊಳಗೆ ಒಂದು ಯಂತ್ರ ಕೂರಿಸಿರುತ್ತಾರೆ. ಗುಂಡಿ ಒತ್ತಿ ತುಟಿಗಿಟ್ಟುಕೊಂಡರೆ ಆಯಿತು, ಕೊನೆಯ ರಾಗ ತಾನೇ ಬರುತ್ತದೆ. ಮರಿಸೆಲಾ ಸುಮ್ಮನೆ ಹಿಡಿದು ನಿಲ್ಲುತ್ತಿದ್ದಳು. ಗೇಲೆನ್ ಮಾತ್ರ ಕೆನ್ನೆ ಉಬ್ಬಿಸಿ, ಉಸಿರು ಬಿಗಿಹಿಡಿದು, ರಾಗ ಮುಗಿಯುವಾಗ ಕೆಂಪಾಗುತ್ತಿದ್ದ. ಯಾಕೆ ಅಷ್ಟು ಕಷ್ಟ ಎಂದು ಒಮ್ಮೆ ಕೇಳಿದೆ.

“ಮೋಸ ಮಾಡೋದಾದ್ರೂ ಮೈಬಗ್ಗಿಸಿ ಮಾಡ್ಬೇಕು” ಎಂದ.

ಆಮೇಲೆ ಮಂಡಿಯೂರುವುದು. ಎಡ ಮಂಡಿ, ಯಾವಾಗಲೂ. ಹಿಮವಿರಲಿ ಕೆಸರಿರಲಿ, ಮುಂದಿನ ಸಾಲಿನಲ್ಲಿ ಕುಳಿತ ಹೆಂಡತಿಯದೋ ತಾಯಿಯದೋ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣು ತಂದು ಆ ವಾಕ್ಯ ಹೇಳಬೇಕು. ಒಂದು ಪದ ಕೂಡಿಸುವಂತಿಲ್ಲ, ಬಿಡುವಂತಿಲ್ಲ. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರು ಬದಲಾಗುತ್ತಿದ್ದರು, ಇವನ ಬಾಯಲ್ಲಿ ವಾಕ್ಯ ಬದಲಾಗುತ್ತಿರಲಿಲ್ಲ. ಕೆಲವರು ಅಳುತ್ತಾ ಬಾವುಟ ತಬ್ಬಿಕೊಳ್ಳುತ್ತಿದ್ದರು. ಒಬ್ಬ ವಿಧವೆ ಇವನ ಮುಖವನ್ನೇ ನೋಡುತ್ತಾ, “ಅಧ್ಯಕ್ಷರಿಗೆ ನನ್ನ ಗಂಡನ ಹೆಸರು ಗೊತ್ತೇನಪ್ಪಾ?” ಎಂದು ಕೇಳಿದ್ದಳಂತೆ. ಉತ್ತರ ಕೊಡುವುದು ನಿಯಮದಲ್ಲಿರಲಿಲ್ಲ. ಇನ್ನೊಮ್ಮೆ, ತಮ್ಮನನ್ನು ಕಳೆದುಕೊಂಡ ಮುದುಕನೊಬ್ಬ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು, ಆ ಮನುಷ್ಯನಿಗೆ ನಾನು ಓಟು ಹಾಕಿಲ್ಲ, ಅವನ ಬಾವುಟ ನನಗೆ ಬೇಡ ಎಂದನಂತೆ. ಆವತ್ತು ಗೇಲೆನ್ ನಿಯಮ ಮುರಿದ.

“ಬಾವುಟ ಅವರದ್ದಲ್ಲ ಸರ್, ನಿಮ್ಮದು. ಮಾತು ಮಾತ್ರ ಅವರದ್ದು” ಎಂದು ಮೆಲ್ಲಗೆ ಹೇಳಿದ. ಮುದುಕ ಕೈ ಮುಂದೆ ಚಾಚಿದ.

ಇದನ್ನು ಆಲ್ವಿನಾ ಅಜ್ಜಿ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದರು. ಹೇಳಿ ಮುಗಿಸಿ ಎದ್ದು ಒಲೆಯ ಕಡೆ ತಿರುಗುತ್ತಿದ್ದರು. ಆ ಕ್ಷಣ ಅವರು ಕಿರಿಯ ಮಗ ವೇಡ್‌ನನ್ನು ನೆನೆಯುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ಸತ್ತ ಊರವರಿಗೆಲ್ಲ ದೊಡ್ಡ ಮಗ ಹೇಳುವ ವಾಕ್ಯ ನಾಳೆ ಚಿಕ್ಕ ಮಗನಿಗೆ ಸಲ್ಲುವಂತಿರಲಿಲ್ಲ.

ವೇಡ್ ಗೇಲೆನ್‌ಗಿಂತ ಹನ್ನೆರಡು ವರ್ಷ ಚಿಕ್ಕವನು. ಅಣ್ಣನನ್ನು ನೋಡಿಯೇ ಸೈನ್ಯಕ್ಕೆ ಸೇರಿದವನು. ಅಣ್ಣ ಊರಲ್ಲೇ ಉಳಿದ; ತಮ್ಮ ಇರಾಕಿಗೆ ಎರಡು ಸಲ ಹೋಗಿ ಬಂದ. ಎರಡನೆಯ ಸಲ ಬಂದವನು ಗೋಡೆಗೆ ಬೆನ್ನು ಕೊಡದೆ ಮಲಗುತ್ತಿರಲಿಲ್ಲವಂತೆ. ಮೂರನೆಯ ಸಲದ ಆಜ್ಞೆ ಬಂದಾಗ ಹೋಗಲಿಲ್ಲ. ಕೆರೆಯ ಹತ್ತಿರ ಮೀನು ಹಿಡಿಯುವವರ ಗುಡಿಸಲಿನಲ್ಲಿ ಅಡಗಿ ಕೂತ. ಹಿಡಿದು ತಂದರು. ಸೇನೆಯ ಎಳೆಯ ವಕೀಲನೊಬ್ಬ ದಾರಿ ತೋರಿಸಿದ: ವಿಚಾರಣೆಗೆ ಹೋದರೆ ಜೈಲು, ಅದು ಬೇಡವೆಂದು ಇಲ್ಲಿ ರುಜು ಹಾಕಿದರೆ ಗೌರವವಿಲ್ಲದ ಬಿಡುಗಡೆ ಕೊಟ್ಟು ಮನೆಗೆ ಕಳಿಸುತ್ತಾರೆ.

ವೇಡ್ ಮನೆಗೆ ಫೋನ್ ಮಾಡಿದ. ಈ ಊರಿನ ಜನರಿಗೆ ಕೋರ್ಟೆಂದರೆ ಸಾವಿಗಿಂತ ದೊಡ್ಡ ನಾಚಿಕೆ. ಬೇಲಿಯ ಜಗಳವನ್ನು ಪಾದ್ರಿಯ ಮುಂದೆ ಮುಗಿಸುತ್ತಾರೆ, ಆಸ್ತಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹಂಚುತ್ತಾರೆ. ಡ್ರೈಲಿಂಗ್ ಮನೆತನದಲ್ಲಿ ಯಾರೂ ನ್ಯಾಯಾಧೀಶರ ಮುಂದೆ ನಿಂತವರಲ್ಲ. ರುಜು ಹಾಕು, ಬಾ ಎಂದರು ಅಜ್ಜಿ. ಹಾಕು ಎಂದ ಗೇಲೆನ್. ಅವನೂ ಸಾರ್ಜೆಂಟ್, ತಿಳಿದವನು. ವೇಡ್ ಬಂದ ದಿನ ಮನೆಯಲ್ಲಿ ಬೀರಾಕ್ ಸುಟ್ಟರು, ಅಕ್ಕಪಕ್ಕದವರಿಗೂ ಹಂಚಿದರು. ಗಂಡಾಂತರ ಕಳೆಯಿತು ಎಂದುಕೊಂಡರು.

ಕಳೆದದ್ದು ಏನೆಂದು ಆಮೇಲೆ ಒಂದೊಂದಾಗಿ ತಿಳಿಯಿತು. ಸೈನಿಕರ ಆಸ್ಪತ್ರೆ ಅವನನ್ನು ಒಳಗೆ ಬಿಡಲಿಲ್ಲ. ಕೆಲಸಕ್ಕೆ ಹೋದಲ್ಲೆಲ್ಲ ಬಿಡುಗಡೆ ಯಾವ ಬಗೆಯದು ಎಂದು ಕೇಳಿದರು. ಸತ್ತರೆ ಬಾವುಟವೂ ಇಲ್ಲ. ಬಿಡುಗಡೆಯ ಬಗೆ ಬದಲಿಸಿ ಎಂದು ಸೇನೆಯ ಮಂಡಳಿಯನ್ನು ಎರಡು ಸಲ ಕೇಳಿಕೊಂಡ, ಎರಡು ಸಲವೂ ಆಗದು ಎಂದರು. ವೇಡ್ ಕುಡಿಯತೊಡಗಿದ. ನಾನು ಈ ಊರಿಗೆ ಬರುವಷ್ಟರಲ್ಲಿ ಅವನ ಕಣ್ಣು ಹಳದಿಯಾಗಿತ್ತು. ನಮ್ಮ ಮನೆಯ ಹಿಮ ತೆಗೆದುಕೊಡುತ್ತಿದ್ದ; ಐವಿಯನ್ನು ಎತ್ತಿಕೋ ಎಂದರೆ, ಕೈ ನಡುಗುತ್ತದೆ ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಅಜ್ಜಿಗೆ ಉಳಿದದ್ದು ಒಂದೇ ಆಸೆ, ಅಧ್ಯಕ್ಷರ ಕ್ಷಮಾದಾನ. ಮಂಡಳಿಗಿಂತ ದೊಡ್ಡವರು, ಸೇನೆಗಿಂತ ಮೇಲಿನವರು, ಒಂದು ರುಜುವಿನಲ್ಲಿ ಎಲ್ಲ ತೊಳೆಯಬಲ್ಲವರು. ಅವಧಿ ಮುಗಿದು ಅಧ್ಯಕ್ಷರು ಶ್ವೇತಭವನ ಖಾಲಿ ಮಾಡುವ ದಿನಗಳಲ್ಲಿ ಅಜ್ಜಿ ಟೀವಿ ಬಿಟ್ಟು ಏಳುತ್ತಿರಲಿಲ್ಲ. ಯಾರ ಯಾರ ಹೆಸರೋ ಬರುತ್ತಿತ್ತು: ವಂಚಿಸಿದ ವ್ಯಾಪಾರಿಗಳು, ಕಳ್ಳಸಾಗಣೆಯವರು, ದೊಡ್ಡವರ ಪರಿಚಯವಿದ್ದವರು. “ಅಂಥೋರಿಗೇ ಕೊಟ್ಟ್ಮೇಲೆ ನಮ್ಮ ವೇಡ್ ಏನು ಮಹಾ ಮಾಡಿದಾನೆ, ನಿದ್ದೆ ಬರ್ಲಿಲ್ಲ ಅಂತ ಹೋಗ್ಲಿಲ್ಲ ಅಷ್ಟೆ” ಎನ್ನುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಶಾಲೆಯಲ್ಲಿ ಓದಿದ್ದೂ ಅದೇ ತಾನೇ.

ಗೇಲೆನ್ ಪಕ್ಕದ ಪಟ್ಟಣದ ವಕೀಲರೊಬ್ಬರನ್ನು ಕಂಡು ಬಂದ. ಬೇಲಿಯ ಹತ್ತಿರ ನಿಂತು ನನಗೆ ಹೇಳಿದ, ಮನೆಯೊಳಗೆ ಹೇಳಲಿಲ್ಲ. ಅಧ್ಯಕ್ಷರು ಅಪರಾಧವನ್ನು ಕ್ಷಮಿಸಬಲ್ಲರು. ಅದಕ್ಕೆ ಸೇನೆಯ ನ್ಯಾಯಾಲಯ ಅವನನ್ನು ಅಪರಾಧಿ ಎಂದಿರಬೇಕು. ವೇಡ್ ವಿಚಾರಣೆಗೇ ಹೋಗಿರಲಿಲ್ಲ. ತೀರ್ಪು ಇಲ್ಲ, ಶಿಕ್ಷೆ ಇಲ್ಲ, ಹಾಗಾಗಿ ಕ್ಷಮಿಸಲು ಏನೂ ಇಲ್ಲ. ಇರುವುದು ಅವನು ತಾನಾಗಿ ಒಪ್ಪಿಕೊಂಡ ಬಿಡುಗಡೆ ಮಾತ್ರ, ಅದಕ್ಕೆ ಮತ್ತೆ ಅದೇ ಮಂಡಳಿಯ ಬಾಗಿಲು.

“ಜೈಲಿಗೆ ಹೋಗು ಅಂದಿದ್ರೆ ಇವತ್ತು ಕ್ಷಮೆ ಕೇಳೋಕಾದ್ರೂ ಜಾಗ ಇರ್ತಿತ್ತು” ಎಂದ ಗೇಲೆನ್. “ನಾವೇ ಕೂತು ಅವನ ಬಾಗಿಲು ಹಾಕಿದ್ವಿ. ಬನ್ನು ಸುಟ್ಟು ಹಂಚಿದ್ವಿ ಬೇರೆ.”

ಅಜ್ಜಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡ. ವೇಡ್‌ಗೆ ಮಾತ್ರ ಹೇಳಿದ್ದನೆಂದು ನವೆಂಬರಿನಲ್ಲಿ ತಿಳಿಯಿತು. ಸುಗ್ಗಿಯ ಕೃತಜ್ಞತೆಯ ಹಬ್ಬಕ್ಕೆ ನನ್ನನ್ನೂ ಮಗುವನ್ನೂ ಊಟಕ್ಕೆ ಕರೆದಿದ್ದರು. ಟೀವಿಯಲ್ಲಿ ಪ್ರತಿ ವರ್ಷದ ತಮಾಷೆ ತೋರಿಸುತ್ತಿದ್ದರು: ಅಧ್ಯಕ್ಷರು ಬಿಳಿಯ ಟರ್ಕಿ ಕೋಳಿಯೊಂದರ ಮೇಲೆ ಕೈಯಿಟ್ಟು, ಇದನ್ನು ಕ್ಷಮಿಸಿದ್ದೇನೆ, ಯಾರೂ ಕೊಯ್ಯಬಾರದು ಎನ್ನುತ್ತಿದ್ದರು. ಪತ್ರಕರ್ತರು ನಗುತ್ತಿದ್ದರು. ನಮ್ಮ ಮೇಜಿನ ಮೇಲೆ ಕ್ಷಮೆ ಸಿಗದ ಕೋಳಿ ಹಬೆಯಾಡುತ್ತಿತ್ತು.

“ನೋಡಮ್ಮಾ, ಕೋಳಿಗೂ ಸಿಕ್ತು” ಎಂದ ವೇಡ್. “ಪುಣ್ಯವಂತ ಕೋಳಿ. ವಕೀಲರ ಮಾತು ಕೇಳಿ ರುಜು ಹಾಕಿರ್ಲಿಲ್ಲ ಅನ್ಸುತ್ತೆ.”

ಅಜ್ಜಿ ನಕ್ಕರು. ಗೇಲೆನ್ ತಟ್ಟೆಯಿಂದ ತಲೆಯೆತ್ತಲಿಲ್ಲ.

ಫೆಬ್ರವರಿಯಲ್ಲಿ ವೇಡ್ ಸತ್ತ. ಲಿವರ್ ನಿಂತಿತು ಎಂದರು ಜಿಲ್ಲಾ ಆಸ್ಪತ್ರೆಯವರು. ನಾನು ಐವಿಯನ್ನು ಸೊಂಟಕ್ಕೇರಿಸಿಕೊಂಡು ಹೋದಾಗ ಅಜ್ಜಿ ಅಳುತ್ತಿರಲಿಲ್ಲ. ಗೇಲೆನ್‌ನ ಬಿಳಿ ಕೈಗವಸುಗಳನ್ನು ಒಗೆದು ಒಲೆಯ ಹತ್ತಿರ ಒಣಹಾಕುತ್ತಿದ್ದರು.

“ನೀನೇ ಮಾಡ್ತೀಯ ಅಲ್ವಾ” ಎಂದರು ಮಗನಿಗೆ. ಅದು ಪ್ರಶ್ನೆಯಾಗಿರಲಿಲ್ಲ.

“ಅಮ್ಮಾ, ಅವನಿಗೆ ಸಲ್ಲಲ್ಲ ಅದು.”

“ಊರವರಿಗೆಲ್ಲ ಮಂಡಿ ಊರಿದೀಯ. ಊರಿ ಊರಿ ಮಂಡಿ ಹೋಗಿದೆ. ನನ್ನ ಮುಂದೆ ಊರಕ್ಕೆ ಆಗಲ್ವಾ? ನಿನ್ನ ಮೇಲಿನವರನ್ನ ಒಂದು ಮಾತು ಕೇಳು. ಇಷ್ಟು ವರ್ಷ ಅವರ ಮಾತು ನೀನು ಆಡಿದೀಯ, ನಿನ್ನ ಒಂದು ಮಾತು ಅವರು ನಡೆಸಲ್ವಾ?”

ಗೇಲೆನ್ ಕಚೇರಿಗೆ ಹೋಗಿ ಕೇಳಿದ. ಇಲ್ಲ ಎಂದರು. ಕೆಟ್ಟದಾಗಿ ಏನೂ ಹೇಳಲಿಲ್ಲವಂತೆ. ಸಂತಾಪ ಹೇಳಿ, ಕುರ್ಚಿ ಕೊಟ್ಟು, ಇಲ್ಲ ಎಂದರು. ಅವತ್ತು ಸಂಜೆ ಅವನು ನಮ್ಮ ಬಾಗಿಲು ತಟ್ಟಿದ. ಬಾಗಿಲು ತಟ್ಟಿದರೆ ಆ ದಿನಗಳಲ್ಲಿ ಕೋಲ್‌ನ ಸಾವಿನ ಸುದ್ದಿ ತಂದವರೇ ಎಂದುಕೊಳ್ಳುತ್ತಿದ್ದೆ. ತೆಗೆದರೆ ಕಂಕುಳಲ್ಲಿ ಹಾಸಿಗೆಯ ಚಾದರ ಹಿಡಿದು ಗೇಲೆನ್ ನಿಂತಿದ್ದ.

“ಒಬ್ಬನಿಂದ ಮಡಿಸಕ್ಕೆ ಆಗಲ್ಲ” ಎಂದ. “ಮರಿಸೆಲಾನ ಕರೆದ್ರೆ ಅವಳ ಕೆಲಸ ಹೋಗುತ್ತೆ. ನಿನ್ನ ಲೈಬ್ರರಿ ಕೆಲಸಕ್ಕೆ ಏನೂ ಆಗಲ್ಲ.”

ಬಾವುಟ ಅಂಗಡಿಯಿಂದ ಕೊಂಡದ್ದು, ಕಚೇರಿಯದಲ್ಲ. ಸಮವಸ್ತ್ರ ಹಾಕುವುದಿಲ್ಲ, ಕಹಳೆ ತರುವುದಿಲ್ಲ, ಆ ವಾಕ್ಯ ಹೇಳುವುದಿಲ್ಲ. ಮಡಿಸಿ ಅಮ್ಮನ ಕೈಗೆ ಕೊಡುತ್ತೇನೆ, ಅಷ್ಟೇ ಎಂದ. ಗ್ಯಾರೇಜಿನಲ್ಲಿ ಚಾದರ ಹಿಡಿದು ನನಗೆ ಕಲಿಸಿದ. ಹೀಗೆ ಬಿಗಿ ಹಿಡಿ, ಹೊಟ್ಟೆಯ ಮಟ್ಟಕ್ಕೆ, ಇಳಿಯಬಾರದು, ನಿನ್ನ ತುದಿ ಕೊನೆಯವರೆಗೂ ಬಿಡಬೇಡ. ಬಟ್ಟೆ ಚಿಕ್ಕದಾಗುತ್ತಾ ಅವನು ಒಂದೊಂದೇ ಹೆಜ್ಜೆ ನನ್ನತ್ತ ಬರುತ್ತಿದ್ದ. ಕೊನೆಗೆ ತ್ರಿಕೋನ ನನ್ನ ಎದೆಯ ಹತ್ತಿರ ಬಂತು. ಯಾವತ್ತೋ ಒಂದು ದಿನ ಇದು ನಿಜವಾಗಿಯೇ ನನ್ನ ಕೈಗೆ ಬಂದರೆ ಎಂಬ ಯೋಚನೆಗೆ ಬೆರಳು ಸಡಿಲವಾಯಿತು. ಚಾದರ ಬಿಚ್ಚಿಹೋಯಿತು. ಅವನು ಏನೂ ಕೇಳದೆ ಮತ್ತೆ ಮೊದಲಿನಿಂದ ಶುರು ಮಾಡಿದ.

ಸಮಾಧಿಯ ದಿನ ಅವನು ಸಮವಸ್ತ್ರದಲ್ಲಿ ಬಂದ. ನನ್ನ ಕಣ್ಣು ತಪ್ಪಿಸಿದ. ಒಗೆದು ಒಣಗಿಸಿದ್ದ ಗವಸುಗಳು ಕೈಯಲ್ಲಿದ್ದವು, ಅಜ್ಜಿಯೇ ತೊಡಿಸಿರಬೇಕು. ಪಾದ್ರಿ ಪ್ರಾರ್ಥನೆ ಮುಗಿಸಿದರು. ನಾನು ಐವಿಯನ್ನು ಗೇಲೆನ್‌ನ ಸೋದರತ್ತೆಯ ಕೈಗೆ ಕೊಟ್ಟು, ಟೋಪಿ ಕಿವಿಯ ಮೇಲೆ ಸರಿಯಾಗಿದೆಯೇ ಎಂದು ಎರಡು ಸಲ ನೋಡಿ, ಹೋಗಿ ನನ್ನ ತುದಿ ಹಿಡಿದೆ. ಗಾಳಿ ಬಾವುಟವನ್ನು ನಮ್ಮ ಕೈಯಿಂದ ಕಿತ್ತುಕೊಳ್ಳಲು ನೋಡುತ್ತಿತ್ತು. ಗೇಲೆನ್ ಬೆನ್ನು ತಿರುಗಿಸಿ ತಡೆದ. ಮಡಿಸಿ ಮುಗಿದಾಗ ಕೆಂಪು ಎಲ್ಲೂ ಕಾಣಲಿಲ್ಲ. ಕಹಳೆ ಇರಲಿಲ್ಲ. ಬೇಲಿಯ ತಂತಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು.

ಅವನು ತಾಯಿಯ ಮುಂದೆ ಎಡ ಮಂಡಿಯೂರಿ ಬಾವುಟ ಚಾಚಿದ. ಅಜ್ಜಿ ಕೈ ಚಾಚಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕಾದರು. ಎಷ್ಟೋ ಜನರ ಸಾವಿಗೆ ಹೋಗಿ ಬಂದವರು. ಬಾವುಟ ಮಾತಿನ ಹಿಂದೆ ಬರುತ್ತದೆಯೇ ಹೊರತು ಮುಂದೆ ಬರುವುದಿಲ್ಲವೆಂದು ಗೊತ್ತಿದ್ದವರು. ಗೇಲೆನ್ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ನನಗೆ ಕೂಗಬೇಕೆನಿಸಿತು, ತಗೊಳ್ಳಿ ಅಜ್ಜಿ, ದಯವಿಟ್ಟು ತಗೊಂಡುಬಿಡಿ.

ಗೇಲೆನ್ ಹೇಳಿದ. ಅಧ್ಯಕ್ಷರ, ಸೇನೆಯ, ಕೃತಜ್ಞ ರಾಷ್ಟ್ರದ ಪರವಾಗಿ. ಗೌರವದಿಂದ, ನಿಷ್ಠೆಯಿಂದ. ಒಂದು ಪದ ಕೂಡಿಸಲಿಲ್ಲ, ಬಿಡಲಿಲ್ಲ.

ಆಗ ಅಜ್ಜಿ ಬಾವುಟ ತೆಗೆದುಕೊಂಡು, ಆವರೆಗೆ ತಡೆದದ್ದನ್ನೆಲ್ಲ ಅದರ ಮೇಲೆ ಅತ್ತರು.

ಸೋದರತ್ತೆಯ ಮಗಳು ಡಾರ್ಲಾ ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಅಣ್ಣನೇ ತಮ್ಮನಿಗೆ ಗೌರವ ಸಲ್ಲಿಸಿದ್ದು ಎಂದು ಹೆಮ್ಮೆಯಿಂದ ಜಾಲತಾಣಕ್ಕೆ ಹಾಕಿದಳು. ಜನ ಹೃದಯದ ಗುರುತುಗಳನ್ನು ಸುರಿದರು. ಇಂಥ ಅಣ್ಣ ಎಲ್ಲರಿಗೂ ಸಿಗಲಿ ಎಂದು ಯಾವ ಯಾವುದೋ ರಾಜ್ಯದವರು ಬರೆದರು. ಆಮೇಲೆ ವೇಡ್‌ನ ಜೊತೆಗಿದ್ದ ಒಬ್ಬ ಬರೆದ: ನಾವು ಮೂರನೆಯ ಸಲವೂ ಹೋದೆವು, ನಮ್ಮಲ್ಲಿ ಇಬ್ಬರು ವಾಪಸು ಬರಲಿಲ್ಲ, ಓಡಿಹೋದವನಿಗೂ ಅದೇ ಮಾತೇ? ನಾನು ಅವನನ್ನು ಬೈದುಕೊಳ್ಳಬೇಕೆಂದು ನೋಡಿದೆ, ಆಗಲಿಲ್ಲ. ಕೋಲ್ ಅಲ್ಲಿ ಇನ್ನೂ ಇದ್ದ. ಹೃದಯಗಳೆಲ್ಲ ಒಂದೇ ದಿನದಲ್ಲಿ ಬೈಗುಳಗಳಾದವು.

ಕಚೇರಿಯಲ್ಲಿ ಗೇಲೆನ್‌ನ ವಿಚಾರಣೆಯಾಯಿತು. ಈ ಸಲ ರುಜು ಹಾಕಿ ಹೋಗು ಎಂದಾಗ ಗೇಲೆನ್ ಒಪ್ಪಲಿಲ್ಲ, ಎದುರು ನಿಂತು ಎಲ್ಲ ಹೇಳಿಕೊಂಡ. ಅವರು ಎಲ್ಲ ಕೇಳಿಸಿಕೊಂಡು ಕೆಲಸದಿಂದ ತೆಗೆದರು.

ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಏಪ್ರಿಲಿನ ಒಂದು ಬೆಳಿಗ್ಗೆ ಐವಿಗೆ ಹಲ್ಲು ಬರುವ ಜ್ವರ. ರಜೆ ಹಾಕಿ ಕಿಟಕಿಯ ಹತ್ತಿರ ಎತ್ತಿಕೊಂಡು ತಿರುಗುತ್ತಿದ್ದೆ. ಸರ್ಕಾರಿ ನಂಬರಿನ ಕಾರೊಂದು ನಮ್ಮ ಬೀದಿಗೆ ತಿರುಗಿತು. ನಿಧಾನವಾಗಿ, ಮನೆಯ ಸಂಖ್ಯೆಗಳನ್ನು ಓದುತ್ತಾ ಬಂತು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ನಿಂತಿತು. ಸಮವಸ್ತ್ರದ ಅಧಿಕಾರಿ ಇಳಿದು, ಟೋಪಿ ಸರಿಮಾಡಿಕೊಂಡು, ಎರಡೂ ಮನೆಗಳ ಬಾಗಿಲು ನೋಡಿದ. ಸೈನಿಕ ಸತ್ತ ಸುದ್ದಿ ತರುವವರು ಹೀಗೆಯೇ ಬರುತ್ತಾರೆ. ಅವನು ಆಲ್ವಿನಾ ಅಜ್ಜಿಯ ಮೆಟ್ಟಿಲ ಕಡೆ ಹೊರಟಾಗ ದೇವರೇ, ನಿನಗೆ ಶರಣು ಎಂದೆ. ಆಮೇಲೆ ನಾಚಿಕೆಯಾಗಿ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಾನೂ ಅಲ್ಲಿಗೆ ಓಡಿದೆ.

ಅವನ ಹೆಸರು ಮೇಜರ್ ಪ್ರೂಯಿಟ್. ಸೋಫಾದ ಅಂಚಿನಲ್ಲಿ ಕೂತು ಅಜ್ಜಿ ಕೊಟ್ಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಒರಟನಲ್ಲ. ಎದುರಿನ ಗೂಡಿನ ಮೇಲೆ ಗೇಲೆನ್ ವಾಲ್‌ನಟ್ ಮರದಲ್ಲಿ ತಾನೇ ಮಾಡಿದ ಗಾಜಿನ ಮುಖದ ತ್ರಿಕೋನ ಪೆಟ್ಟಿಗೆ, ಒಳಗೆ ಬಾವುಟ. ಮೇಜರ್ ಅದನ್ನು ನೋಡಿ ಕಣ್ಣಿಳಿಸಿದ. ತನ್ನನ್ನು ಯಾಕೆ ಕಳಿಸಿದ್ದಾರೆಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬೇರೆ ಸೈನಿಕರ ಮನೆಯವರು ದೂರು ಕೊಟ್ಟಿದ್ದರು. ಆ ದಿನ ಹೇಳಿದ ಮಾತಿಗೆ ಅಧಿಕಾರವಿರಲಿಲ್ಲವೆಂದು ಮನೆಯವರಿಗೆ ಮುಖತಃ ತಿಳಿಸಬೇಕೆಂದು ತೀರ್ಮಾನವಾಗಿತ್ತು.

“ಬಾವುಟ ನಿಮ್ಮದೇ ಮೇಡಂ, ಇಟ್ಕೊಳ್ಳಿ. ನಿಮ್ಮ ಮಗ ದುಡ್ಡು ಕೊಟ್ಟು ತಂದಿದ್ದು. ಆ ಮಾತನ್ನ ಮಾತ್ರ ಹಿಂದಕ್ಕೆ ತಗೋಬೇಕಾಗಿದೆ.”

ಗೇಲೆನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಮುದುಕನಿಗೆ ಹೇಳಿದ್ದ ತನ್ನದೇ ಮಾತು ಈ ಬಾಯಲ್ಲಿ ತಿರುಗಿ ಬಂದದ್ದು ಅವನಿಗೆ ಕೇಳಿಸಿತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅಜ್ಜಿ ಏಪ್ರನ್‌ಗೆ ಕೈ ಒರೆಸಿಕೊಂಡರು. “ಹಂಗಾದ್ರೆ ಅಧ್ಯಕ್ಷರಿಗೆ ಈಗ ನಮ್ಮ ವೇಡ್ ಹೆಸರು ಗೊತ್ತಾಯ್ತು ಅಂತಾಯ್ತು.”

“ಇಲ್ಲ ಮೇಡಂ. ಇದು ಅವರ ತನಕ ಹೋಗೋ ವಿಷಯ ಅಲ್ಲ.”

“ಅವರಿಗೆ ಗೊತ್ತೇ ಇಲ್ಲ.”

“ಇಲ್ಲ. ನಾನು ಅವರ ಕೆಳಗಿರೋರ ಕೆಳಗಿನವರ ಕೆಳಗಿನವನು.”

“ಕೊಟ್ಟಿದ್ದೂ ಅವರಿಗೆ ಗೊತ್ತಿಲ್ಲ, ಕಿತ್ಕೊಂಡಿದ್ದೂ ಗೊತ್ತಿಲ್ಲ” ಎಂದರು ಅಜ್ಜಿ. “ನೀನು ಯಾರ ಪರವಾಗಿ ಬಂದಿದೀಯಪ್ಪಾ?”

ಮೇಜರ್ ಬಟ್ಟಲನ್ನು ಮೇಜಿನ ಮೇಲಿಟ್ಟ. ಉತ್ತರ ಅವನ ಬಳಿಯೂ ಇದ್ದಿರಬೇಕು, ಕಾಗದದಲ್ಲಿ ಬರೆದೇ ಕೊಟ್ಟಿರುತ್ತಾರೆ. ಅಜ್ಜಿ ಬಿಡಲಿಲ್ಲ. ಅಧ್ಯಕ್ಷರು ಹೋಗುವ ಮುಂಚೆ ಕ್ಷಮಾದಾನ ಕೊಡುತ್ತಾರಲ್ಲ, ಸತ್ತವರಿಗೂ ಕೊಟ್ಟದ್ದುಂಟಂತೆ, ಅದರಲ್ಲಿ ವೇಡ್‌ನ ಹೆಸರು ಸೇರಿಸಲು ಯಾರನ್ನು ಕೇಳಬೇಕು ಎಂದರು. ಮೇಜರ್ ಪಾಪ ತನಗೆ ತಿಳಿದದ್ದನ್ನು ವಿವರಿಸಿದ. ಅಪರಾಧಿ ಎಂದು ತೀರ್ಪಾಗಿದ್ದರೆ ಕೇಳಬಹುದಿತ್ತು, ಇವರಿಗೆ ಹಾಗಾಗಿಲ್ಲ, ಇದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ, ಸಾರ್ಜೆಂಟ್ ವಿಚಾರಣೆಯಲ್ಲಿ ಎಲ್ಲ ಹೇಳಿದರಲ್ಲ.

ಅಜ್ಜಿ ತಿರುಗಿ ಗೇಲೆನ್‌ನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಐವಿಯ ಹಣೆ ಮುಟ್ಟಿ ನೋಡುವವಳ ಹಾಗೆ ಮುಖ ತಗ್ಗಿಸಿದೆ.

ಕಾರು ಹೋದ ಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಐವಿಯನ್ನು ನೋಡಿಕೊಳ್ಳುವುದನ್ನೂ ಬಿಡಲಿಲ್ಲ; ಬೀರಾಕ್ ತಿನ್ನು ಎಂದು ಒತ್ತಾಯಿಸುವುದನ್ನು ಮಾತ್ರ ಬಿಟ್ಟರು.

ಗೇಲೆನ್ ಈಗ ಊರಾಚೆಯ ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗುತ್ತಾನೆ. ಭಾನುವಾರ ಪ್ರಾರ್ಥನೆ ಮುಗಿಸಿ ತಾಯಿಯ ಜೊತೆ ಉಣ್ಣುತ್ತಾನೆ. ಮೇ ತಿಂಗಳಲ್ಲಿ ಸೈನಿಕರ ಸಮಾಧಿಗಳಿಗೆಲ್ಲ ಚಿಕ್ಕ ಬಾವುಟ ಸಿಕ್ಕಿಸುವ ಹಬ್ಬ ಬಂತು. ಸ್ಮಶಾನದಲ್ಲಿ ಸಾಲು ಸಾಲು ಬಾವುಟಗಳ ನಡುವೆ ವೇಡ್‌ನ ಕಲ್ಲಿನ ಮುಂದೆ ಬರೀ ಹುಲ್ಲಿತ್ತು. ಅದನ್ನು ನೋಡಿ ಬಂದ ಭಾನುವಾರ ಊಟದ ಮಧ್ಯೆ ಗೇಲೆನ್ ಚಮಚ ಕೆಳಗಿಟ್ಟ. ನಾನು ಐವಿಗೆ ಆಲೂಗಡ್ಡೆ ಹಿಸುಕಿ ತಿನ್ನಿಸುತ್ತಿದ್ದೆ.

“ಅಮ್ಮಾ, ಅವರ ಪರವಾಗಿ ಹೇಳೋ ಹಾಗಿಲ್ಲ ತಾನೇ. ನನ್ನ ಪರವಾಗಿ ಹೇಳ್ತೀನಿ. ಅವನು ಗೌರವದಿಂದ ಬದುಕಿದ. ಎರಡು ಸಲ ಹೋಗಿ ಬಂದ. ಯಾರ ಅಪ್ಪಣೆ ಬೇಕು ಇದನ್ನ ಹೇಳಕ್ಕೆ?”

ಅಜ್ಜಿ ಅವನನ್ನು ಪ್ರೀತಿಯಿಂದಲೇ ನೋಡಿದರು.

“ನೀನು ಅವನ ಅಣ್ಣ” ಎಂದರು. “ನೀನು ಹೇಳೇ ಹೇಳ್ತೀಯ. ನಿನ್ನ ಮಾತಿಟ್ಕೊಂಡು ನಾನೇನು ಮಾಡ್ಲಿ?”

ಎದ್ದು ಹೋಗಿ ಗೂಡಿನ ಮೇಲಿನ ಪೆಟ್ಟಿಗೆ ತೆರೆದು ಬಾವುಟ ಹೊರತೆಗೆದರು. ತ್ರಿಕೋನವನ್ನು ಕೊಡವಿ ಬಿಚ್ಚಿದರು. ಅದು ಅಷ್ಟು ದೊಡ್ಡದೆಂದು ಮರೆತೇಹೋಗಿತ್ತು, ಕೋಣೆ ತುಂಬಿತು. ಬಾ ಎಂದು ನನ್ನನ್ನು ಕರೆದು ಒಂದು ತುದಿ ಕೊಟ್ಟರು. ನಾನು ಗೇಲೆನ್ ಕಲಿಸಿದ ಹಾಗೆ ಹೊಟ್ಟೆಯ ಮಟ್ಟಕ್ಕೆ ಬಿಗಿಯಾಗಿ ಹಿಡಿದೆ. ಹಾಗಲ್ಲ ಎಂದು ಅಜ್ಜಿ ತಲೆಯಾಡಿಸಿದರು. ಮೂಲೆಗೆ ಮೂಲೆ ಕೂಡಿಸಿ, ಅಂಚಿಗೆ ಅಂಚು ಸೇರಿಸಿ, ಚಾದರ ಮಡಿಸುವ ಹಾಗೆ ಚೌಕವಾಗಿ ಮಡಿಸಿದರು. ಕೆಂಪು ಪಟ್ಟೆಗಳೆಲ್ಲ ಹೊರಗೇ ಉಳಿದವು. ಅದನ್ನು ಒಳಗೊಯ್ದು ಬೀರುವಿನಲ್ಲಿ ಹಾಸಿಗೆ ಬಟ್ಟೆಗಳ ಕೆಳಗಿಟ್ಟು, ಬೀರುವಿನ ಬಾಗಿಲು ಹಾಕಿ ಬಂದು, ಊಟ ಆರಿಹೋಗುತ್ತದೆ ಎಂದರು.

ಗೇಲೆನ್ ಚಮಚ ಎತ್ತಿಕೊಂಡ. ಗೂಡಿನ ಮೇಲೆ ತ್ರಿಕೋನದ ಪೆಟ್ಟಿಗೆ ಗಾಜಿನ ಬಾಗಿಲು ತೆರೆದುಕೊಂಡೇ ಇತ್ತು.